ರಾಜಧಾನಿಯಲ್ಲದ ಊರಿನ ಆತಿಥ್ಯ

(ಶತಮಾನೋತ್ಸವ ವರ್ಷದ ಉಪಜಿಲ್ಲಾ ಶಾಲಾ ಕ್ರೀಡಾಕೂಟದ ಆತಿಥ್ಯದ ಕುರಿತು ಸೇರಿದ ರಕ್ಷಕ-ಶಿಕ್ಷಕ ಸಂಘ ಹಾಗೂ ಹಳೆ ವಿದ್ಯಾರ್ಥಿ ಸಂಘಗಳ ಜಂಟಿ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳು ಇದೇ ಸಭಾಂಗಣದಲ್ಲಿ ನಾವು ಸೇರಿದ್ದಾಗ ಹಿರಿಯ ರಕ್ಷಕರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಟೀಚರೇ, ಪೇಟೆಯಲ್ಲಿ ದೊಡ್ಡ ಮೈದಾನವಿರುವ ಶಾಲೆಗಳು ಬೇಕಾದಷ್ಟಿವೆ. ಈ ಮೂಲೆಯ ಕನ್ನಡ ಶಾಲೆಗೆ ಕ್ರೀಡಾಕೂಟ ನಡೆಸುವ ಉಸಾಬರಿ ಯಾಕೆ?" ಅವರು ಕುಹಕದಿಂದ ಕೇಳಿದ ಮಾತಲ್ಲ ಅದು. ಶಾಲೆಯ ಮೇಲಿನ ಪ್ರೀತಿಯಿಂದ, ನಾವು ಕೈಲಾಗದ ಕೆಲಸಕ್ಕೆ ಕೈಹಾಕಿ ನಗೆಪಾಟಲಾಗಬಾರದು ಎಂಬ ಕಾಳಜಿಯಿಂದ ಕೇಳಿದ್ದು. ಅಂದು ನಾನು ಸಮರ್ಪಕವಾಗಿ ಉತ್ತರಿಸಲಾರದೆ ಹೋದೆ. ಮನೆಗೆ ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಂದು ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ನಾನು ಇತಿಹಾಸದ ಅಧ್ಯಾಪಿಕೆ. ಆದ್ದರಿಂದ ಉತ್ತರವನ್ನು ಸ್ವಲ್ಪ ದೂರದಿಂದ ಆರಂಭಿಸುವುದು ನನ್ನ ಅಭ್ಯಾಸ, ತಾವು ಸಹಿಸಿಕೊಳ್ಳಬೇಕು.

1994ರ ಅಕ್ಟೋಬರ್ ತಿಂಗಳು. ನಾನಾಗ ಬಿ.ಎಡ್. ಮುಗಿಸಿ ದಿನವೇತನದ ಅಧ್ಯಾಪಿಕೆಯಾಗಿ ತರಗತಿಗೆ ಕಾಲಿಟ್ಟ ಹೊಸತು. ಹನ್ನೆರಡನೆಯ ಏಷ್ಯನ್ ಕ್ರೀಡಾಕೂಟ ಜಪಾನಿನ ಹಿರೋಶಿಮಾ ನಗರದಲ್ಲಿ ನಡೆಯುತ್ತಿತ್ತು. ಪತ್ರಿಕೆಯ ಕ್ರೀಡಾಪುಟವನ್ನು ಕತ್ತರಿಸಿ ಗೋಡೆಗೆ ಅಂಟಿಸುವ ಕೆಲಸವನ್ನು ಏಳನೆಯ ತರಗತಿಯ ಮಕ್ಕಳಿಗೆ ಒಪ್ಪಿಸಿದ್ದೆ. ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ಹಿರೋಶಿಮಾ ಎಂದರೆ ಬಾಂಬು ಬಿದ್ದ ಊರಲ್ಲವೇ? ಅಲ್ಲಿ ಆಟ ಯಾಕೆ? ಜಪಾನಿನ ರಾಜಧಾನಿ ಟೋಕಿಯೋ ಅಲ್ಲವೇ?" ಎಂದು ಕೇಳಿದ. ಪಠ್ಯಪುಸ್ತಕದಲ್ಲಿ ಹಿರೋಶಿಮಾಕ್ಕೆ ಇದ್ದದ್ದು ಒಂದೇ ಒಂದು ದಿನ, 1945ರ ಆಗಸ್ಟ್ 6. ಆ ದಿನದ ಮೊದಲಿನ ಹಾಗೂ ನಂತರದ ಹಿರೋಶಿಮಾ ನನಗೂ ಗೊತ್ತಿರಲಿಲ್ಲ. ಆ ಹುಡುಗನ ದೆಸೆಯಿಂದ ನಾನು ಓದಿ ತಿಳಿದುಕೊಂಡೆ.

ಏಷ್ಯನ್ ಕ್ರೀಡಾಕೂಟ ಹುಟ್ಟಿದ್ದು ನಮ್ಮ ದೇಶದಲ್ಲಿ. 1951ರ ಮಾರ್ಚ್ ತಿಂಗಳಲ್ಲಿ, ದೆಹಲಿಯಲ್ಲಿ, 11 ರಾಷ್ಟ್ರಗಳೊಂದಿಗೆ. ಅಲ್ಲಿಂದ ಮುಂದೆ ಅದು ಮನಿಲಾ, ಟೋಕಿಯೋ, ಜಕಾರ್ತಾ, ಬ್ಯಾಂಕಾಕ್, ಟೆಹರಾನ್, ಸೋಲ್, ಬೀಜಿಂಗ್ ಹೀಗೆ ಸುತ್ತಾಡಿತು. ದೆಹಲಿಗೆ 1982ರಲ್ಲಿ ಮತ್ತೊಮ್ಮೆ ಬಂತು. ಬ್ಯಾಂಕಾಕಿಗಂತೂ ಆ ಅವಧಿಯಲ್ಲಿ ಮೂರು ಬಾರಿ ಹೋಯಿತು. ಎಲ್ಲವೂ ಆಯಾ ದೇಶದ ಆಡಳಿತದ ಕೇಂದ್ರಗಳು. ದೊಡ್ಡ ಕೂಟ ಎಂದರೆ ರಾಜಧಾನಿಯಲ್ಲೇ ನಡೆಯಬೇಕು ಎಂಬುದು ಯಾರೂ ಬರೆಯದ, ಆದರೆ ಎಲ್ಲರೂ ಪಾಲಿಸಿದ ನಿಯಮವಾಗಿತ್ತು. ನಾಲ್ಕು ದಶಕಗಳ ಆ ರೂಢಿಯನ್ನು ಮುರಿದ ಮೊದಲ ಊರು ಹಿರೋಶಿಮಾ. 1994ರ ಅಕ್ಟೋಬರ್ 2ರಿಂದ 16ರ ವರೆಗೆ 42 ರಾಷ್ಟ್ರ ಹಾಗೂ ಪ್ರದೇಶಗಳ ಆರು ಸಾವಿರಕ್ಕೂ ಮಿಕ್ಕಿದ ಕ್ರೀಡಾಪಟುಗಳು 34 ಕ್ರೀಡೆಗಳಲ್ಲಿ ಅಲ್ಲಿ ಸ್ಪರ್ಧಿಸಿದರು. ಹಿಂದಿನ ವರ್ಷಗಳಲ್ಲಿ ಸ್ವತಂತ್ರವಾದ ಉಜ್ಬೇಕಿಸ್ತಾನ, ಕಜಾಕಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ, ತುರ್ಕಮೆನಿಸ್ತಾನಗಳು ಮೊದಲ ಬಾರಿಗೆ ತಮ್ಮ ಹೆಸರಿನಲ್ಲಿ, ತಮ್ಮ ಧ್ವಜದ ಕೆಳಗೆ ನಡೆದುಬಂದದ್ದು ಆ ಅಂಗಣದಲ್ಲಿ. ಮೊದಲ ಸಲ ಬಂದ ಉಜ್ಬೇಕಿಸ್ತಾನ ಫುಟ್‌ಬಾಲ್ ಚಿನ್ನವನ್ನೇ ಗೆದ್ದಿತು.

ಆ ಊರು ಈ ಆತಿಥ್ಯಕ್ಕೆ ಹೇಗೆ ಅಣಿಯಾಯಿತು ಎಂಬುದನ್ನು ಗಮನಿಸಬೇಕು. ಬಾಂಬು ಬಿದ್ದ ವರ್ಷದ ಕೊನೆಯೊಳಗೆ ಅಲ್ಲಿ ಸುಮಾರು 1,40,000 ಮಂದಿ ಪ್ರಾಣ ಕಳೆದುಕೊಂಡರೆಂದು ಅಂದಾಜು. ಆ ನೆಲದಲ್ಲಿ ಎಪ್ಪತ್ತೈದು ವರ್ಷ ಹುಲ್ಲೂ ಹುಟ್ಟದು ಎಂಬ ಮಾತು ಹಬ್ಬಿತ್ತು. ಆದರೆ ಬಾಂಬು ಬಿದ್ದ ಮೂರನೆಯ ದಿನವೇ ಊರಿನ ಟ್ರಾಮ್ ಒಂದು ತುಂಡು ದಾರಿಯಲ್ಲಿ ಮತ್ತೆ ಓಡಿತು. 1951ರಲ್ಲಿ ಆ ಊರಿನ ಬೇಸ್‌ಬಾಲ್ ತಂಡ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ ಮೈದಾನದ ಬಾಗಿಲಲ್ಲಿ ಮರದ ಪೀಪಾಯಿಗಳನ್ನು ಇಟ್ಟರು. ತಾವೇ ಮನೆ ಕಟ್ಟಿಕೊಳ್ಳುತ್ತಿದ್ದ ಜನ ಅದರಲ್ಲಿ ಕೈಲಾದಷ್ಟು ಹಣ ಹಾಕಿ ತಂಡವನ್ನು ಉಳಿಸಿದರು. ಈ ಸಂಗತಿಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಹಿರಿಯರು ಹೇಳುವ ಹಿಡಿಯಕ್ಕಿಯ ಕಥೆ. ದಿನವೂ ಅನ್ನಕ್ಕೆ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿ, ವಾರಕ್ಕೊಮ್ಮೆ ಅದನ್ನು ಶಾಲೆಗೆ ತಂದುಕೊಟ್ಟ ತಾಯಂದಿರಿಂದ ಈ ಕಟ್ಟಡದ ಮೊದಲ ಮೂರು ಕೋಣೆಗಳು ಎದ್ದವು ಎಂದು ನಾವು ಕೇಳಿ ಬೆಳೆದಿದ್ದೇವೆ. ಕಟ್ಟುವವರ ಕೈ ಎಲ್ಲ ಊರುಗಳಲ್ಲೂ ಒಂದೇ ಬಗೆಯದು.

1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆದಾಗ ಜ್ಯೋತಿಯನ್ನು ಹೊತ್ತಿಸಿದವರು ಯೋಶಿನೋರಿ ಸಕಾಯಿ ಎಂಬ ಹತ್ತೊಂಬತ್ತರ ಓಟಗಾರ. ಬಾಂಬು ಬಿದ್ದ ದಿನವೇ, ಹಿರೋಶಿಮಾ ಪ್ರಾಂತದಲ್ಲಿಯೇ ಹುಟ್ಟಿದವರು. ಅಂದು ಆ ನಾಡಿನ ಮಗನೊಬ್ಬ ರಾಜಧಾನಿಗೆ ಹೋಗಿ ದೀಪ ಹಚ್ಚಿದ. ಮೂವತ್ತು ವರ್ಷಗಳ ನಂತರ ಏಷ್ಯಾವೇ ಆ ಊರಿನ ಮನೆಬಾಗಿಲಿಗೆ ಬಂತು.

ಆದರೆ ಹಿರೋಶಿಮಾ ಕೇವಲ ನೊಂದ ಊರಲ್ಲ ಎಂಬ ಸತ್ಯವನ್ನೂ ಹೇಳಬೇಕು. ಅದಕ್ಕೆ ಒಮ್ಮೆ ರಾಜಧಾನಿಯಂಥ ಸ್ಥಾನ ಸಿಕ್ಕಿತ್ತು. 1894ರಲ್ಲಿ ಚೀನಾದೊಡನೆ ಯುದ್ಧ ನಡೆದಾಗ ಚಕ್ರವರ್ತಿ ಮೇಜಿ ತನ್ನ ಸೇನಾ ಕೇಂದ್ರವನ್ನು ಅಲ್ಲಿಗೆ ತಂದರು. ಜಪಾನಿನ ಸಂಸತ್ತಿನ ಅಧಿವೇಶನವೂ ಅಲ್ಲೇ ನಡೆಯಿತು. ಆ ಬಂದರಿನಿಂದ ಸೈನಿಕರು ಹೊರಟದ್ದು ಏಷ್ಯಾದ ನೆರೆಹೊರೆಯ ಮೇಲೆ. ಸರಿಯಾಗಿ ನೂರು ವರ್ಷಗಳ ನಂತರ, 1994ರಲ್ಲಿ, ಅದೇ ಊರು ಅದೇ ನೆರೆಹೊರೆಯವರನ್ನು ಅತಿಥಿಗಳಾಗಿ ಬರಮಾಡಿಕೊಂಡಿತು. ಪೆಟ್ಟು ತಿಂದ ಊರು, ಪೆಟ್ಟು ಕೊಡಲು ಹೊರಟವರನ್ನು ಬೀಳ್ಕೊಟ್ಟ ಊರೂ ಆಗಿತ್ತು. ಆತಿಥ್ಯದ ಹೊಣೆ ಹೊತ್ತಾಗ ಅದಕ್ಕೆ ಈ ಎರಡೂ ನೆನಪುಗಳು ಜತೆಗಿದ್ದವು.

ಇನ್ನು ನಮಗೆ ಮುಖ್ಯವಾದ ಸಂಗತಿಗೆ ಬರುತ್ತೇನೆ. ಐವತ್ತು ಸಾವಿರ ಜನ ಕೂರಬಲ್ಲ ಕ್ರೀಡಾಂಗಣವನ್ನು ಸರಕಾರಗಳು ಕಟ್ಟಬಲ್ಲವು. ಅಲ್ಲಿಗೆ ಹೋಗುವ ಹೊಸ ರೈಲುದಾರಿಯನ್ನೂ ಅವು ಕೂಟಕ್ಕೆ ಮೊದಲೇ ತೆರೆದವು. ಆದರೆ ಖಾಲಿ ಕುರ್ಚಿಗಳ ಮುಂದೆ ಆಡುವ ಪುಟ್ಟ ದೇಶದ ತಂಡಕ್ಕೆ ಚಪ್ಪಾಳೆ ತಟ್ಟುವವರು ಯಾರು? ಹಿರೋಶಿಮಾದ ಬಡಾವಣೆಗಳಲ್ಲಿ 'ಕೋಮಿನ್‌ಕನ್' ಎಂಬ ಸಾರ್ವಜನಿಕ ಭವನಗಳಿವೆ. ನಮ್ಮಲ್ಲಿಯ ಗ್ರಂಥಾಲಯ, ಯುವಕ ಮಂಡಲ, ಮಹಿಳಾ ಸಮಾಜ ಎಲ್ಲವೂ ಒಂದೇ ಸೂರಿನಡಿ ಸೇರಿದರೆ ಹೇಗೋ ಹಾಗೆ. ಒಂದೊಂದು ಭವನವೂ ಒಂದೊಂದು ದೇಶವನ್ನು ತನ್ನದಾಗಿಸಿಕೊಂಡಿತು. 'ಒಂದು ಭವನ, ಒಂದು ದೇಶ' ಎಂಬುದು ಅದರ ಹೆಸರು. ಆ ದೇಶ ಭೂಪಟದಲ್ಲಿ ಎಲ್ಲಿದೆ ಎಂದೇ ಅರಿಯದಿದ್ದ ಗೃಹಿಣಿಯರು, ನಿವೃತ್ತರು, ಮಕ್ಕಳು ಅದರ ಭಾಷೆಯ ನಾಲ್ಕು ಮಾತು ಕಲಿತರು, ಅಲ್ಲಿಯ ಅಡುಗೆ ಮಾಡಿ ನೋಡಿದರು. ಕೂಟ ಆರಂಭವಾದಾಗ ಆ ದೇಶದ ಬಾವುಟ ಹಿಡಿದು ಮೈದಾನಕ್ಕೆ ಹೋಗಿ ಹುರಿದುಂಬಿಸಿದರು. ತವರಿನಿಂದ ಒಬ್ಬ ಪ್ರೇಕ್ಷಕನೂ ಬರಲಾರದಂಥ ಸಣ್ಣ ತಂಡಗಳಿಗೂ ಅಲ್ಲಿ ತಮ್ಮವರೆಂಬವರು ಇದ್ದರು. ನಾಲ್ಕು ವರ್ಷಗಳ ನಂತರ, 1998ರಲ್ಲಿ, ಚಳಿಗಾಲದ ಒಲಿಂಪಿಕ್ಸ್ ನಡೆದ ನಗಾನೋ ನಗರ ಈ ಪಾಠವನ್ನು ಕಲಿತು ಶಾಲೆಗಳಿಗೆ ಅನ್ವಯಿಸಿತು: 'ಒಂದು ಶಾಲೆ, ಒಂದು ದೇಶ'. ನಗಾನೋ ಕೂಡ ರಾಜಧಾನಿಯಲ್ಲ.

ಹಿರೋಶಿಮಾ ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. 2002ರಲ್ಲಿ ಬೂಸಾನ್, 2010ರಲ್ಲಿ ಗುವಾಂಗ್‌ಝೌ, 2014ರಲ್ಲಿ ಇಂಚಿಯೋನ್ ಆತಿಥ್ಯ ವಹಿಸಿದವು. 2018ರಲ್ಲಿ ಜಕಾರ್ತಾ ತನ್ನೊಡನೆ ಪಾಲೆಂಬಾಂಗನ್ನೂ ಸೇರಿಸಿಕೊಂಡಿತು. ಭಾರತ ಮೊದಲ ಬಾರಿಗೆ ಪದಕಗಳಲ್ಲಿ ನೂರರ ಗಡಿ ದಾಟಿದ್ದು 2023ರಲ್ಲಿ, ರಾಜಧಾನಿಯಲ್ಲದ ಹಾಂಗ್‌ಝೌನಲ್ಲಿ. ಹಿರೋಶಿಮಾದಲ್ಲಿ ನಮಗೆ ದಕ್ಕಿದ್ದು ನಾಲ್ಕೇ ಚಿನ್ನ: ಕಬಡ್ಡಿ, ಶೂಟಿಂಗಿನಲ್ಲಿ ಜಸ್ಪಾಲ್ ರಾಣಾ, ಟೆನಿಸ್ಸಿನಲ್ಲಿ ಪುರುಷರ ತಂಡ ಹಾಗೂ ಡಬಲ್ಸ್. ಆದರೆ ನಮ್ಮ ತರಗತಿಯ ಗೋಡೆಯ ಮೇಲೆ ಹೆಚ್ಚು ದಿನ ಉಳಿದ ಚಿತ್ರ ಬೆಳ್ಳಿಯದು. ಮಹಿಳೆಯರ 4×400 ರಿಲೇಯಲ್ಲಿ ಪಿ.ಟಿ. ಉಷಾ ಮತ್ತು ಶೈನಿ ವಿಲ್ಸನ್ ಓಡಿದ್ದರು. 1986ರ ಸೋಲ್ ಕೂಟದಲ್ಲಿ ನಾಲ್ಕು ಚಿನ್ನ ಗೆದ್ದಿದ್ದ ಉಷಾ ಎಂಟು ವರ್ಷಗಳ ನಂತರವೂ ತಂಡದ ಒಂದು ಸುತ್ತು ಓಡಲು ಹಿಂಜರಿಯಲಿಲ್ಲ. ಪಯ್ಯೋಳಿಯ ಆ ಓಟಗಾರ್ತಿ ಕೂಡ ರಾಜಧಾನಿಯ ಮಗಳಲ್ಲ.

ಅದೇ ಕೂಟ ಒಂದು ಕಹಿಯನ್ನೂ ಉಳಿಸಿತು. ನಿಷೇಧಿತ ಮದ್ದು ಸೇವಿಸಿದ ಹನ್ನೊಂದು ಮಂದಿ ಚೀನೀ ಕ್ರೀಡಾಪಟುಗಳು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಪದಕಗಳನ್ನು ಕಳೆದುಕೊಂಡರು. ಶಾಲಾ ಕೂಟದಲ್ಲಿ ಮದ್ದಿಲ್ಲ. ಆದರೆ ವಯಸ್ಸು ಕಡಿಮೆ ಬರೆಸುವ, ಒಬ್ಬರ ನಂಬರಿನಲ್ಲಿ ಇನ್ನೊಬ್ಬರನ್ನು ಓಡಿಸುವ ಚಾಳಿ ಇದೆ. ನಮ್ಮ ಅಂಗಣದಲ್ಲಿ, ನಮ್ಮ ಮಕ್ಕಳಿಂದಲೇ ಮೊದಲ್ಗೊಂಡು, ಅದು ನಡೆಯಕೂಡದು.

ಬಂಧುಗಳೇ, ಈಗ ನನ್ನದೇ ಎರಡು ಅನುಭವಗಳನ್ನು ತಮ್ಮ ಮುಂದಿಡಬೇಕಾಗಿದೆ. ಮೊದಲನೆಯದನ್ನು ನಾನು ಹಲವರಲ್ಲಿ ಹೇಳಿಕೊಂಡಿದ್ದೇನೆ. ಎರಡನೆಯದನ್ನು ಇದುವರೆಗೆ ಯಾರಲ್ಲೂ ಹೇಳಿರಲಿಲ್ಲ.

ಇಪ್ಪತ್ತು ವರ್ಷಗಳಿಗೂ ಹಿಂದೆ ನಮ್ಮ ಮಕ್ಕಳನ್ನು ಕರೆದುಕೊಂಡು ಒಂದು ಕ್ರೀಡಾಕೂಟಕ್ಕೆ ಹೋಗಿದ್ದೆ. ಯಾವ ಊರು, ಯಾವ ಶಾಲೆ ಎಂಬುದು ಬೇಡ. ಏಳನೆಯ ತರಗತಿಯ ಹುಡುಗಿಯೊಬ್ಬಳು 600 ಮೀಟರ್ ಓಟಕ್ಕಿದ್ದಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಗುಡ್ಡದಾಚೆಯಿಂದ ದಿನವೂ ಓಡಿಕೊಂಡೇ ಶಾಲೆಗೆ ಬರುತ್ತಿದ್ದ ಮಗು. ಮೈಕಿನಲ್ಲಿ ಘೋಷಣೆಗಳೆಲ್ಲ ಮಲಯಾಳದಲ್ಲಿ ಮಾತ್ರ ನಡೆಯುತ್ತಿದ್ದವು. ಅವಳ ಹೀಟ್ಸನ್ನು ಹೇಳಿದ ಹೊತ್ತಿಗಿಂತ ಮೊದಲೇ ಕರೆದರು. ನಾನು ಆ ಕಡೆ ಲಾಂಗ್ ಜಂಪಿನ ಹೊಂಡದ ಬಳಿ ಮತ್ತೊಂದು ಮಗುವಿನ ಜತೆಗಿದ್ದೆ. ಹಿಂತಿರುಗಿ ಬಂದಾಗ ಅವಳು ಎದೆಯ ಮೇಲೆ ನಂಬರ್ ಚುಚ್ಚಿಕೊಂಡು ಆವರಣದ ಗೋಡೆಯ ಮಗ್ಗುಲಲ್ಲಿ ಕಾಯುತ್ತ ಕುಳಿತಿದ್ದಳು. ಓಟ ಮುಗಿದಿತ್ತು. "ನನ್ನನ್ನು ಕರೆದದ್ದು ನನಗೆ ತಿಳಿಯಲಿಲ್ಲ ಟೀಚರ್" ಎಂದಳು. ಬಸ್ಸಿನಲ್ಲಿ ಅವಳು ಅಳಲಿಲ್ಲ. ನಂಬರಿನ ಬಟ್ಟೆಯನ್ನು ಮಡಚಿ, ಪಿನ್ನುಗಳನ್ನು ಅದಕ್ಕೇ ಸಿಕ್ಕಿಸಿ, ನನ್ನ ಕೈಗೆ ಕೊಟ್ಟಳು. ಮರುವರ್ಷ ಓಟಕ್ಕೆ ಹೆಸರು ಕೊಡಲಿಲ್ಲ.

ಈ ಸಂಗತಿಯನ್ನು ನಾನು ಎಷ್ಟೋ ಸಭೆಗಳಲ್ಲಿ, ಗಡಿನಾಡ ಕನ್ನಡಿಗರಿಗಾಗುವ ಅನ್ಯಾಯಕ್ಕೆ ಉದಾಹರಣೆಯಾಗಿ ಹೇಳಿದ್ದೇನೆ. ಅದು ಅನ್ಯಾಯವೇ, ಸಂಶಯವಿಲ್ಲ.

ಎರಡು ವರ್ಷಗಳ ನಂತರ ಪಂಚಾಯತ್ ಮಟ್ಟದ ಒಂದು ಸಣ್ಣ ಕೂಟ ನಮ್ಮ ಮೈದಾನದಲ್ಲೇ ನಡೆಯಿತು. ಮೈಕು ನನ್ನ ಕೈಯಲ್ಲಿತ್ತು. ಘೋಷಣೆಗಳೆಲ್ಲ ಕನ್ನಡದಲ್ಲೇ ನಡೆದವು. ಗಂಜಿಯ ಸಾಲು ಎಲ್ಲಿ, ಕುಡಿಯುವ ನೀರು ಎಲ್ಲಿ, ಶೌಚಾಲಯ ಎಲ್ಲಿ ಎಂಬ ಫಲಕಗಳೂ ಕನ್ನಡದಲ್ಲೇ ಇದ್ದವು. ಅಂದು ನನಗೆ ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಕೆಲವು ತಿಂಗಳ ನಂತರ ಅಧ್ಯಾಪಕರ ತರಬೇತಿಯೊಂದರಲ್ಲಿ ಮಲಯಾಳ ಮಾಧ್ಯಮದ ಅಧ್ಯಾಪಿಕೆಯೊಬ್ಬರು ನನ್ನ ಪಕ್ಕ ಕುಳಿತಿದ್ದರು. ಮಾತಿನ ನಡುವೆ, ಸಿಟ್ಟಿಲ್ಲದೆ ಹೇಳಿದರು: "ನಿಮ್ಮ ಶಾಲೆಗೆ ಬಂದಾಗ ನಮ್ಮ ನಾಲ್ಕನೆಯ ತರಗತಿಯ ಹುಡುಗ ಮಧ್ಯಾಹ್ನ ಉಪವಾಸವಿದ್ದ. ಎಲ್ಲಿ ಸಾಲು ನಿಲ್ಲಬೇಕೆಂದು ಅವನಿಗೆ ಗೊತ್ತಾಗಲಿಲ್ಲ, ಕೇಳಲು ನಾಚಿಕೆ." ನನ್ನ ಹುಡುಗಿಯ ಕಥೆಯನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ನೋವು ಏನೆಂದು ಬಲ್ಲ ನಾನೇ, ಬಲ್ಲೆನೆಂಬ ಕಾರಣಕ್ಕಾಗಿಯೇ, ಇನ್ನೊಂದು ಮಗುವನ್ನು ನೋಡದೆ ಹೋಗಿದ್ದೆ. ಹಿರೋಶಿಮಾದ ಎರಡು ನೆನಪುಗಳ ಬಗ್ಗೆ ಓದುವಾಗಲೆಲ್ಲ ನನಗೆ ಆ ಹುಡುಗನ ಮಧ್ಯಾಹ್ನ ನೆನಪಾಗುತ್ತದೆ.

ಆದ್ದರಿಂದ ಹಿರಿಯರು ಕೇಳಿದ "ಯಾಕೆ" ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ಆ ಇಬ್ಬರು ಮಕ್ಕಳ ಲೆಕ್ಕ ನಮ್ಮಲ್ಲಿ ಬಾಕಿ ಇದೆ.

ನಾವು ಎಂದೂ ರಾಜಧಾನಿಯ ಹತ್ತಿರದವರಾಗಿರಲಿಲ್ಲ. ಈ ಶಾಲೆ ಹುಟ್ಟಿದಾಗ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಮದ್ರಾಸು ನಮ್ಮ ರಾಜಧಾನಿ. 1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ತಿರುವನಂತಪುರ ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ. ಬೆಂಗಳೂರಿಗೆ ಘಟ್ಟ ಹತ್ತಿ ಒಂದು ರಾತ್ರಿಯ ಪ್ರಯಾಣ. ಯಾರ ಮೊದಲ ಪುಟದಲ್ಲೂ ನಮಗೆ ಜಾಗವಿಲ್ಲ ಎಂದು ನಾವು ಕೊರಗುತ್ತೇವೆ. ಆದರೆ ಕೊನೆಯ ನಿಲ್ದಾಣದವರಿಗೂ ಅತಿಥಿಗಳನ್ನು ಕರೆಯುವ ಹಕ್ಕಿದೆ. 2019ರ ನವೆಂಬರಿನಲ್ಲಿ ರಾಜ್ಯ ಶಾಲಾ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿಗೆ ಬಂದಾಗ ನಾವದನ್ನು ಕಣ್ಣಾರೆ ಕಂಡಿದ್ದೇವೆ. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ನಾವು ಹೇಳುವ ಮಾತು ಒಂದು ಮಧ್ಯಾಹ್ನದ ಗಂಜಿಯ ಸಾಲಿನಲ್ಲಿ ನಿಜವಾಗದಿದ್ದರೆ ಅದು ಬರೀ ಮಾತು.

ನಾನು ಮುಂದಿಡುವ ಸೂಚನೆ ಸರಳವಾಗಿದೆ: 'ಒಂದು ತರಗತಿ, ಒಂದು ಶಾಲೆ'. ಬರುವ ಒಂದೊಂದು ಶಾಲೆಯನ್ನೂ ನಮ್ಮ ಒಂದು ತರಗತಿ, ಒಂದು ಓಣಿಯ ಮನೆಗಳು ಹಾಗೂ ಹಳೆ ವಿದ್ಯಾರ್ಥಿಗಳ ಒಂದು ತಂಡ ಸೇರಿ ವಹಿಸಿಕೊಳ್ಳಬೇಕು. ಎರಡು ವಾರ ಮೊದಲೇ ಮಕ್ಕಳು ಆ ಶಾಲೆಗೆ ಕಾಗದ ಬರೆಯಬೇಕು. ಎಷ್ಟು ಮಕ್ಕಳು, ಯಾವ ಭಾಷೆಯವರು, ಯಾರಿಗೆ ಏನು ಪಥ್ಯ ಎಂಬುದನ್ನು ತಿಳಿದುಕೊಳ್ಳಬೇಕು. ಬಸ್ಸಿನಿಂದ ಇಳಿದಲ್ಲಿಂದ ಹಿಂತಿರುಗಿ ಬಸ್ಸು ಹತ್ತುವ ತನಕ ಒಬ್ಬರು ಅವರ ಜತೆಗಿರಬೇಕು. ಘೋಷಣೆ ಕನ್ನಡ, ಮಲಯಾಳ ಎರಡರಲ್ಲೂ ಆಗಬೇಕು. ಫಲಕಗಳು ಎರಡು ಲಿಪಿಗಳಲ್ಲೂ ಇರಬೇಕು. ಕರೆದಾಗ ಬಾರದ ಮಗುವನ್ನು ಹುಡುಕಿ ಕರೆತರದೆ ಓಟ ಆರಂಭಿಸಬಾರದು. ತಾವು ವಹಿಸಿಕೊಂಡ ಶಾಲೆಯ ಮಗು ನಮ್ಮ ಮಗುವಿನೊಡನೆ ಓಡುವಾಗಲೂ ಚಪ್ಪಾಳೆ ಇಬ್ಬರಿಗೂ ಸಲ್ಲಬೇಕು. ಇದು ಎಲ್ಲಕ್ಕಿಂತ ಕಷ್ಟದ ನಿಯಮ ಎಂದು ನಾನು ಬಲ್ಲೆ.

ಮೈದಾನದ ಒಂದು ಬದಿ ಇಳಿಜಾರು, ಮುರಕಲ್ಲು ಮೇಲೆದ್ದಿದೆ. 200 ಮೀಟರಿನ ಟ್ರ್ಯಾಕನ್ನಷ್ಟೇ ಎಳೆಯಬಹುದು. ಮಣ್ಣು ಹೊರುವ ಕೆಲಸಕ್ಕೆ ಶನಿವಾರಗಳಂದು ಬರುವವರು ಹೆಸರು ಕೊಡಬೇಕೆಂದು ಕೋರುತ್ತೇನೆ. ಹಣ ಕೊಡಬಲ್ಲವರು ಹಣ, ದುಡಿಯಬಲ್ಲವರು ದುಡಿಮೆ, ಎರಡೂ ಆಗದ ಅಜ್ಜ ಅಜ್ಜಿಯರು ಗೋಡೆಯ ಬಳಿ ಕುಳಿತು ಅಪರಿಚಿತ ಮಗುವಿನ ಹೆಸರು ಕೇಳುವ ಕೆಲಸವನ್ನು ಮಾಡಲಿ.

ಕೊನೆಯದಾಗಿ ಒಂದು ಮಾತನ್ನು ಮರೆಮಾಚದೆ ಹೇಳುತ್ತೇನೆ. ಈ ವರ್ಷ ನಮ್ಮ ಒಂದನೆಯ ತರಗತಿಗೆ ಸೇರಿದ ಮಕ್ಕಳನ್ನು ಎಣಿಸಲು ಎರಡು ಕೈಗಳ ಬೆರಳುಗಳು ಸಾಕಾದವು. ಒಂದು ಕ್ರೀಡಾಕೂಟದಿಂದ ಆ ತರಗತಿ ತುಂಬೀತೆಂದು ನಾನು ಯಾರಿಗೂ ಭರವಸೆ ಕೊಡಲಾರೆ. ನೂರು ವರ್ಷ ತುಂಬಿದ ಶಾಲೆಗೆ ಇನ್ನೆಷ್ಟು ವರ್ಷ ಎಂಬ ಚಿಂತೆ ತಮ್ಮಂತೆ ನನ್ನನ್ನೂ ರಾತ್ರಿ ಎಚ್ಚರವಾಗಿರಿಸುತ್ತದೆ. ಆದರೆ ಮಕ್ಕಳು ಕಡಿಮೆಯಾದರೆಂದು ಬಾಗಿಲನ್ನು ಅರ್ಧ ಮುಚ್ಚಿಕೊಂಡು ಕುಳಿತ ಶಾಲೆಗೆ ಯಾರೂ ಮಗುವನ್ನು ಕಳುಹಿಸುವುದಿಲ್ಲ. ಉಪಜಿಲ್ಲೆಯ ಪ್ರತಿಯೊಂದು ಮಗುವೂ ಒಂದು ದಿನ ಇಲ್ಲಿ ಓಡಿ, ಇಲ್ಲಿ ಉಂಡು, "ಆ ಕನ್ನಡ ಶಾಲೆಯಲ್ಲಿ ನಮ್ಮನ್ನು ಹೆಸರು ಹಿಡಿದು ಕರೆದರು" ಎಂದು ಮನೆಯಲ್ಲಿ ಹೇಳುವಂತಾದರೆ, ಶತಮಾನೋತ್ಸವದ ಕಮಾನಿಗಿಂತ ಅದು ಹೆಚ್ಚು ಕಾಲ ನಿಲ್ಲುತ್ತದೆ.

ಅಂದು ಓಟ ತಪ್ಪಿಸಿಕೊಂಡ ಹುಡುಗಿ ಇಂದು ತಾಯಿ. ಅವಳ ಮಗ ನಮ್ಮಲ್ಲಿಯೇ ಮೂರನೆಯ ತರಗತಿಯಲ್ಲಿದ್ದಾನೆ. ಕೂಟದ ದಿನ ಕನ್ನಡದ ಘೋಷಣೆಯನ್ನು ಮಾಡಬೇಕೆಂದು ಅವಳನ್ನು ಕೇಳಿಕೊಂಡಿದ್ದೇನೆ. ಮಲಯಾಳದ ಘೋಷಣೆಗೆ, ಅಂದು ನನ್ನ ಪಕ್ಕ ಕುಳಿತಿದ್ದ ಆ ಅಧ್ಯಾಪಿಕೆಯವರನ್ನು ಆಹ್ವಾನಿಸಿದ್ದೇನೆ. ಇಬ್ಬರೂ ಒಪ್ಪಿದ್ದಾರೆ. ಇನ್ನು ಒಪ್ಪಬೇಕಾದವರು ತಾವು.